ಜೇನು ಕಚ್ಚಿತು, ಮದುವೆ ಮುಂದೆ ಹೋಯಿತು

ಜೂಲಿಯಾ ಕ್ವಿನ್ ಬರೆದ ಬ್ರಿಜರ್ಟನ್ ಕಾದಂಬರಿಗಳನ್ನು ಉರು ಹೊಡೆದವರ ಪಕ್ಕದಲ್ಲಿ ಕೂತು ನೆಟ್‌ಫ್ಲಿಕ್ಸ್‌ನ ಧಾರಾವಾಹಿ ನೋಡಬಾರದು. ನಮ್ಮ ಮನೆಯಲ್ಲಿ ರಿಮೋಟ್ ನನ್ನ ಕೈಗೆ ಕೊಡುವುದನ್ನೇ ಬಿಟ್ಟಿದ್ದಾರೆ. ಐದೈದು ನಿಮಿಷಕ್ಕೆ ನಿಲ್ಲಿಸಿ ‘ಪುಸ್ತಕದಲ್ಲಿ ಹೀಗಿಲ್ಲ ಕಣ್ರೀ’ ಅಂತೀನಂತೆ.

ಅನ್ನದೆ ಏನು ಮಾಡಲಿ? ಎರಡನೆಯ ಪುಸ್ತಕದ ಜೀವಾಳವೇ ಒಂದು ಜೇನುನೊಣ. ನಾಯಕ ಆಂಟನಿಯ ಅಪ್ಪ ಸತ್ತದ್ದು ಜೇನು ಕಚ್ಚಿ. ನಾಯಕಿ ಕೇಟ್‌ಗೂ ಜೇನು ಕಚ್ಚಿದಾಗ ಈ ಮಹಾಶಯ ಗಾಬರಿಬಿದ್ದು, ಕಚ್ಚಬಾರದ ಜಾಗದಿಂದ ವಿಷ ಹೀರಲು ಹೋಗಿ ಹಿರಿಯರ ಕಣ್ಣಿಗೆ ಬೀಳುತ್ತಾನೆ. ಮಾನ ಉಳಿಸಿಕೊಳ್ಳಲು ಮದುವೆ! 2022ರ ಸೀಸನ್ನಿನಲ್ಲಿ ಜೇನು ಬಂತು, ಕಚ್ಚಿತು, ಹೋಯಿತು. ಮದುವೆ ಮಾತ್ರ ಇಲ್ಲ. ಬದಲಿಗೆ ಅವನು ಅವಳ ತಂಗಿಯ ಜೊತೆ ಹಸೆಮಣೆಯವರೆಗೂ ಹೋಗಿ ನಿಂತ. ಆ ಆರನೆಯ ಕಂತು ಮುಗಿಯುವಷ್ಟರಲ್ಲಿ ನನ್ನ ಕಾಫಿ ತಣ್ಣಗಾಗಿತ್ತು, ನಾನು ಬಿಸಿಯಾಗಿದ್ದೆ.

ಆದರೆ ಕೇಟ್‌ಳ ಶೆಫೀಲ್ಡ್ ಮನೆತನವನ್ನು ಭಾರತದ ಶರ್ಮಾಗಳನ್ನಾಗಿ ಮಾಡಿದ್ದಕ್ಕೆ ನೂರು ತಪ್ಪು ಮಾಫಿ. ಲಂಡನ್ನಿನ ಮನೆಯಲ್ಲಿ ಅರಿಶಿನ ಶಾಸ್ತ್ರ, ಹಿನ್ನೆಲೆಯಲ್ಲಿ ಪಿಟೀಲಿನ ಮೇಲೆ ‘ಕಭಿ ಖುಷಿ ಕಭಿ ಗಮ್’! ಕೇಟ್ ಪಾತ್ರದ ಸಿಮೋನ್ ಆಶ್ಲಿಯ ಗತ್ತು ನೋಡಿದ ಮೇಲೆ ಪುಸ್ತಕದ ಕೇಟ್ ಸ್ವಲ್ಪ ಸಪ್ಪೆಯೇ ಅನ್ನಿಸಿತು. ಮೂಲ ಕಾದಂಬರಿಗಳಲ್ಲಿ ಇಲ್ಲದ ರಾಣಿ ಷಾರ್ಲಟ್ ಕೂಡ ಒಳ್ಳೆಯ ಲಾಭವೇ.

2024ರ ಸೀಸನ್ನಿನಲ್ಲಿ ಆಂಟನಿಯ ತಮ್ಮ ಬೆನೆಡಿಕ್ಟನ ಕಥೆಯಾದ ಮೂರನೆಯ ಪುಸ್ತಕ ಹಾರಿಸಿ ನಾಲ್ಕನೆಯದರ ಪೆನೆಲಪಿ–ಕಾಲಿನ್ ಕಥೆ ತಂದರು. ಸರದಿ ತಪ್ಪಿಸುವುದು ರೇಷನ್ ಅಂಗಡಿಯಲ್ಲೂ ತಪ್ಪು. ಪುಸ್ತಕ ಓದಿಲ್ಲದ ಪುಣ್ಯವಂತರೇ, ನೀವು ನಿಶ್ಚಿಂತೆಯಿಂದ ನೋಡಿ. ನನ್ನನ್ನು ಮಾತ್ರ ಕರೆಯಬೇಡಿ.