ಅಲ್ಪವಿರಾಮಕ್ಕೊಂದು ಅರ್ಜಿ

ಕಂಪ್ಯೂಟರಿನ ಕ್ಯಾಲ್ಕುಲೇಟರ್ ತೆರೆದು ಲೆಕ್ಕ ಮಾಡುವವರದು ಒಂದು ಜಾತಿ. ತೆರೆದು ಅದರ ಬಣ್ಣ ಬದಲಿಸುತ್ತ ಕೂಡುವವರದು ಇನ್ನೊಂದು. ಇಳಕಲ್ಲಿನ ಸೀರೆ ಅಂಗಡಿಗಳಲ್ಲಿ ಈಗೀಗ ಗಲ್ಲಾದ ಮೇಲೆ ಕೂಡುವ ಹುಡುಗರು ಹೆಚ್ಚಾಗಿ ಎರಡನೆಯ ಜಾತಿಯವರು.

ತಪ್ಪೇನಿಲ್ಲ ಬಿಡ್ರಿ. ಒಡಲಿಗಿಂತ ದಡಿ, ಸೆರಗನ್ನೇ ಹೆಚ್ಚು ಹೊತ್ತು ನೋಡುವ ಊರು ನಮ್ಮದು. ದಡಿ ಗೋಮಿಯೋ, ಗಾಡಿಯೋ, ಪರಾಸಪೇಟಿಯೋ ಅಂತ ಅರ್ಧ ದಿನ ಚೌಕಾಸಿ ನಡೆಸುವ ಮಂದಿಯ ಮುಂದೆ ವಿಂಡೋಸ್ ಕ್ಯಾಲ್ಕುಲೇಟರ್ ಬಿಚ್ಚಿಡುವುದೇನು? ಬಿಳಿ, ಕಪ್ಪು, ಎರಡೂ ಬೇಡವಾದರೆ ಕಂಪ್ಯೂಟರ್ ಯಾವುದನ್ನು ಉಟ್ಟಿದೆಯೋ ಅದೇ. ಗಿರಿ ಕೆಂಪು ಕೇಳಿದರೆ ಸ್ಟಾಕ್ ಇಲ್ಲ. ಹುಡುಗ ಕಪ್ಪು ಆರಿಸಿ, ‘ಚಂದ್ರಕಾಳಿ ಉಡಿಸೀನ್ರಿ ಕಾಕಾ’ ಅನ್ನುತ್ತಾನೆ. ಅಂಗಡಿಯ ಯಜಮಾನ ಕಾಕಾ ಕನ್ನಡಕ ಏರಿಸಿ, ‘ಛಲೋ ಆತು. ಉಟಗೊಂಡ ಮ್ಯಾಲಾರ ಲೆಕ್ಕಾ ಮಾಡತೈತೇನು ಕೇಳು’ ಅನ್ನುತ್ತಾರೆ.

ಕಾಕಾರ ಖರೆ ತಕರಾರು ಬಣ್ಣದ್ದಲ್ಲ, ಅಲ್ಪವಿರಾಮದ್ದು. ಅಮೆರಿಕದ ಇಂಗ್ಲಿಷ್ ಹಾಕಿಕೊಂಡು ಬಂದ ಕಂಪ್ಯೂಟರ್ ಹನ್ನೆರಡೂವರೆ ಲಕ್ಷವನ್ನು 1,250,000 ಎಂದು ತೋರಿಸುತ್ತದೆ. ಕಾಕಾ ಪರದೆಗೆ ಬೆರಳು ಹಚ್ಚಿ ಬಲಗಡೆಯಿಂದ ಬಿಡಿ, ಹತ್ತು, ನೂರು, ಸಾವಿರ ಎಂದು ಏರುತ್ತ ಹೋಗಿ ಲಕ್ಷ ಮುಟ್ಟುವ ಹೊತ್ತಿಗೆ ಗಿರಾಕಿ ಎದ್ದು ನಿಂತಿರುತ್ತಾನೆ. ‘ಹನ್ನೆರಡೂವರಿ ಲಕ್ಷಾ ಅಂತ ನೆಟ್ಟಗ ಹೇಳಾಕ ಇದಕ್ಕೇನ್ ಧಾಡಿ?’

ಕ್ಯಾಲ್ಕುಲೇಟರಿನೊಳಗೆ ತಡಕಾಡಿದರೆ ಅದಕ್ಕೊಂದು ಗುಂಡಿಯೇ ಇಲ್ಲ. ವಿಂಡೋಸ್ 7ರ ಕಾಲದಲ್ಲಿ ಅಲ್ಪವಿರಾಮ ಬೇಕೋ ಬೇಡವೋ ಎಂದು ವ್ಯೂ ಮೆನುವಿನಲ್ಲಾದರೂ ಕೇಳುತ್ತಿತ್ತು. ಈಗ ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ, ರೀಜನ್ ಹಿಡಿದು, ಅಡಿಷನಲ್ ಸೆಟ್ಟಿಂಗ್ಸ್‌ನ ಬಾಗಿಲು ಬಡಿದು, ‘ಡಿಜಿಟ್ ಗ್ರೂಪಿಂಗ್’ ಎದುರು 12,34,56,789 ಎಂಬುದನ್ನು ಆರಿಸಬೇಕು. ಹೊಲದ ಉತಾರ ಕೇಳಲು ಹೋದವನನ್ನು ಇಲ್ಲಲ್ಲ, ಅಲ್ಲಿ, ಅಲ್ಲಲ್ಲ, ಆಚೆ ಅಂತ ಟೇಬಲಿನಿಂದ ಟೇಬಲಿಗೆ ಓಡಾಡಿಸಿದ ಹಾಗೆ. ಅಷ್ಟಾದ ಮೇಲೆ ಕ್ಯಾಲ್ಕುಲೇಟರ್ ಮುಚ್ಚಿ ಮತ್ತೆ ತೆರೆದರೆ, ನೋಡ್ರಿ, 12,50,000! ಕಾಕಾರ ಮುಖದಲ್ಲಿ ಕಳೆ.

ದೊಡ್ಡ ಸಂಖ್ಯೆ ಬರೆಯುವ ವಿಷಯದಲ್ಲಿ ನಮ್ಮ ಐಹೊಳೆಯ ಕವಿ ರವಿಕೀರ್ತಿ ಬಲು ಬೆರಕಿ. ಕ್ರಿ.ಶ. 634ರಲ್ಲಿ ಮೇಗುಟಿ ಗುಡಿಯ ಗೋಡೆಯ ಮೇಲೆ ಇಮ್ಮಡಿ ಪುಲಕೇಶಿಯನ್ನು ಹೊಗಳಿ ಶಾಸನ ಬರೆದಾಗ ಅಂಕಿ ಬಳಸುವ ಗೋಜಿಗೇ ಹೋಗಲಿಲ್ಲ. ಭಾರತ ಯುದ್ಧವಾಗಿ ಎಷ್ಟು ವರ್ಷವಾಯಿತು ಎಂಬುದಕ್ಕೆ ಮೂವತ್ತು, ಮೂರು ಸಾವಿರ, ಏಳು ನೂರು, ಐದು ಎಂದು ಚೆಲ್ಲಿಬಿಟ್ಟ. ಆರಿಸಿ ಕೂಡಿಸಿದರೆ 3735. ಶಕ ವರ್ಷದ್ದೂ ಅದೇ ಕಥೆ: ಐವತ್ತು, ಆರು, ಐನೂರು, ಅಂದರೆ 556. ಛಂದಸ್ಸು ಕೂತರೆ ಅವನ ಕೆಲಸ ಮುಗಿಯಿತು, ಕೂಡಿಸುವುದು ಓದುವವನ ಕರ್ಮ. ಕಾಳಿದಾಸ, ಭಾರವಿಯರ ಸಾಲಿನಲ್ಲಿ ತಾನೇ ಚಾಪೆ ಹಾಸಿಕೊಂಡು ಕೂತ ಮಹಾನುಭಾವನನ್ನು ಕೇಳುವವರು ಯಾರು?

ಅಲ್ಪವಿರಾಮ ಸರಿಯಾದರೂ ಕ್ಯಾಲ್ಕುಲೇಟರಿನ ತಂಟೆ ಮುಗಿಯಲಿಲ್ಲ. ಅಕ್ಕನೊಬ್ಬಳು 1500 ರೂಪಾಯಿಯ ಸೀರೆ, 200ರಂತೆ ಗುಳೇದಗುಡ್ಡದ ಮೂರು ಖಣ ತೆಗೆದುಕೊಂಡಳು. ಹುಡುಗ 1500 + 3 × 200 ಎಂದು ಒತ್ತಿದ. ಪರದೆ ಚೆಂದಾಗಿ, ನಮ್ಮದೇ ಪದ್ಧತಿಯ ಅಲ್ಪವಿರಾಮ ಇಟ್ಟು, 3,00,600 ಎಂದಿತು.

‘ಯವ್ವಾ! ಬಂಗಾರದ ಎಳಿ ಹಾಕಿ ನೇದೀರೇನು?’

ಅದರ ‘ಸ್ಟ್ಯಾಂಡರ್ಡ್’ ಮುಖಕ್ಕೆ ಗುಣಾಕಾರ ಮೊದಲು ಎಂಬ ಶಾಲೆಯ ಪಾಠ ಗೊತ್ತಿಲ್ಲ. ಒತ್ತಿದ ಸಾಲಿನಲ್ಲೇ ಹೋಗುತ್ತದೆ: 1500ಕ್ಕೆ 3 ಕೂಡಿಸಿ, ಬಂದದ್ದನ್ನು 200ರಿಂದ ಗುಣಿಸುತ್ತದೆ. ಎಡಗಡೆಯ ಮೂರು ಗೆರೆ ಒತ್ತಿ ‘ಸೈಂಟಿಫಿಕ್’ ಆರಿಸಿದರೆ ಅದೇ ಲೆಕ್ಕ 2,100. ಹುಡುಗ ಅಲ್ಲಿಗೆ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ‘ಎಫ್-ಇ’ ಎಂಬ ಗುಂಡಿ ಕಂಡಿತು, ಕೈ ತಡೆಯಲಿಲ್ಲ. ಪರದೆಯ ಮೇಲೆ 2.1ಇ+3.

‘ಈ “ಇ” ಅಂದ್ರ ಇಳಕಲ್ಲೇನ್ರಿ?’ ಅಂದಳು ಅಕ್ಕ.

ಅಷ್ಟರಲ್ಲಿ ಕಾಕಾ ಬಾಯಿಲೆಕ್ಕದಲ್ಲೇ ಮುಗಿಸಿ, ‘ಎರಡು ಸಾವಿರದ ಒಂದ್ ನೂರು ಕೊಡವ್ವಾ’ ಎಂದು ಚೀಲ ಮುಂದಕ್ಕೆ ನೂಕಿದರು. ಅಕ್ಕ ಎರಡು ಸಾವಿರವನ್ನಷ್ಟೇ ಎಣಿಸಿ ಗಲ್ಲಾದ ಮೇಲಿಟ್ಟು, ಹುಡುಗನ ಕಡೆ ತಿರುಗಿ ಕೇಳಿದಳು:

‘ಏನ್ ತಮ್ಮಾ, ಆ ನೂರು ಕಾಣಲಾರ್ದಂಗ ಇಡೂ ಸೆಟ್ಟಿಂಗ್ ಏನಾರ ಐತೇನು?’