ಪುಟ್ಟಿಗೆ ಮದ್ರಾಸ್ ಐ ಅಂತೆ

ಏನಕ್ಕಾ, ಪುಟ್ಟಿ ಸ್ಕೂಲಿಗೆ ಹೋಗ್ಲಿಲ್ವಾ? ಅಯ್ಯೋ, ಮದ್ರಾಸ್ ಐ! ಎರಡೂ ಕಣ್ಣಾ? ಹಾಗೇ ಅದು, ಒಂದಕ್ಕೆ ಬಂದ್ರೆ ಎರಡು ದಿನದಲ್ಲಿ ಇನ್ನೊಂದಕ್ಕೂ ದಾಟುತ್ತೆ. ಬೆಳಿಗ್ಗೆ ಗೀಜು ಕಟ್ಟಿ ರೆಪ್ಪೆ ಬಿಡಿಸೋಕೇ ಆಗಲ್ಲ, ಒಳಗೆ ಮರಳು ಬಿದ್ದ ಹಾಗೆ ಚುಚ್ಚುತ್ತೆ. ಪಾಪ, ಮಗು.

ಅದಕ್ಕೇ ರೂಮಲ್ಲಿ ಒಬ್ಬಳನ್ನೇ ಕೂರಿಸಿದೀರಾ? ಬೇಡ ಅಕ್ಕ. ಮುಖ ನೋಡಿದ ಮಾತ್ರಕ್ಕೆ ಅಂಟಲ್ಲ. ಕಪ್ಪು ಕನ್ನಡಕ ಹಾಕೋದು ಬೆಳಕು ಚುಚ್ಚದಿರಲಿ ಅಂತ. ಅಂಟೋದು ಹೆಚ್ಚಾಗಿ ಕೈಯಿಂದ. ಕಣ್ಣುಜ್ಜಿದ ಕೈಯಲ್ಲೇ ಚಿಲಕ, ರಿಮೋಟು ಮುಟ್ತಾಳೆ. ಅದನ್ನೇ ಮುಟ್ಟಿ ನೀವು ಕಣ್ಣೊರೆಸಿಕೊಳ್ತೀರಿ. ಟವೆಲ್ಲು, ದಿಂಬಿನ ಕವರು ಬೇರೆ ಇಡಿ, ಆಗಾಗ ಸೋಪು ಹಾಕಿ ಕೈ ತೊಳೀರಿ. ಸೆರಗಲ್ಲಂತೂ ಅವಳ ಕಣ್ಣೊರೆಸಬೇಡಿ, ಅಮ್ಮಂದಿರಿಗೆ ಬರೋದೇ ಹಾಗೆ.

2023ರ ಮಳೆಗಾಲದಲ್ಲಿ ನೋಡಿದ್ವಲ್ಲ, ಒಂದು ಮಗುವಿಂದ ಇಡೀ ಕ್ಲಾಸಿಗೆ. 1971ರಲ್ಲಿ ಕಲ್ಕತ್ತಾ ಕಡೆ ಬಾಂಗ್ಲಾ ಯುದ್ಧದ ನಿರಾಶ್ರಿತರು ಬಂದ ಕಾಲದಲ್ಲಿ ಊರೂರಿಗೇ ಹಬ್ಬಿ, ಅಲ್ಲಿಯವರು ಈ ಬೇನೆಗೆ ‘ಜಯ್ ಬಾಂಗ್ಲಾ’ ಅಂತಲೇ ಹೆಸರಿಟ್ಟರು.

ಹೆಚ್ಚಾಗಿ ಬರೋದು ವೈರಸ್ಸಿಂದ. ಒಂದೆರಡು ವಾರದಲ್ಲಿ ತಾನೇ ಇಳಿಯುತ್ತೆ, ಆಂಟಿಬಯಾಟಿಕ್ ಅದಕ್ಕೆ ನಾಟಲ್ಲ. ದಪ್ಪ ಹಳದಿ ಕೀವು ಸುರೀತಾನೇ ಇದ್ರೆ ಬ್ಯಾಕ್ಟೀರಿಯಾ ಇರಬಹುದು, ಬರೀ ತುರಿಕೆ ಅಂದ್ರೆ ಅಲರ್ಜಿ ಇರಬಹುದು. ಅದನ್ನ ಡಾಕ್ಟರೇ ನೋಡಿ ಹೇಳಬೇಕು. ನೀವು ಕಾಯಿಸಿ ಆರಿಸಿದ ನೀರಲ್ಲಿ ಹತ್ತಿ ಅದ್ದಿ ಮೆತ್ತಗೆ ಒರೆಸಿ. ಒಂದು ಕಣ್ಣಿಗೆ ಮುಟ್ಟಿಸಿದ ಹತ್ತಿ ಇನ್ನೊಂದಕ್ಕೆ ಬೇಡ. ಮುಚ್ಚಿದ ರೆಪ್ಪೆ ಮೇಲೆ ತಣ್ಣೀರು ಬಟ್ಟೆ ಇಟ್ರೆ ಉರಿ ತಗ್ಗುತ್ತೆ. ಎದೆಹಾಲು, ಹರಳೆಣ್ಣೆ, ನಂದಿಬಟ್ಟಲು ರಸ ಯಾವುದೂ ಕಣ್ಣೊಳಗೆ ಬೇಡ, ಅತ್ತೆ ಹೇಳಿದ್ರೂ ಬೇಡ.

ನನಗೆ ಭಯ ಆಗೋದು ಮೆಡಿಕಲ್ ಸ್ಟೋರಿನ ಡ್ರಾಪ್ಸು. ಕೇಳಿದ ತಕ್ಷಣ ಕೊಡ್ತಾರೆ, ಹಾಕಿದ್ರೆ ಸಂಜೆಗೇ ಕೆಂಪು ಇಳಿಯುತ್ತೆ, ನಮಗೂ ಸಮಾಧಾನ. ಅದರಲ್ಲಿ ಸ್ಟಿರಾಯ್ಡ್ ಇದ್ದು, ಕಣ್ಣಲ್ಲಿರೋದು ಹರ್ಪಿಸ್ ವೈರಸ್ ಆಗಿಬಿಟ್ರೆ ಕರಿಗುಡ್ಡೆ ಮೇಲೆ ಹುಣ್ಣಾಗಿ ದೃಷ್ಟಿಗೇ ಕುತ್ತು. ಹೋದ ವರ್ಷದ ಬಾಟಲಿ ಫ್ರಿಜ್ಜಲ್ಲಿದ್ರೆ ಈಗಲೇ ಎಸೀರಿ. ಕಣ್ಣು ಮಂಜಾದ್ರೆ, ನೋವು ಜಾಸ್ತಿ ಆದ್ರೆ, ಬೆಳಕಿಗೆ ಕಣ್ಣು ತೆರೆಯೋಕೇ ಆಗದಿದ್ರೆ ಕಾಯಬೇಡಿ, ಕಣ್ಣಿನ ಡಾಕ್ಟರ ಹತ್ರ ಹೊರಡಿ. ಹಿಂದಿನ ಮನೆ ಬಾಣಂತಿಗೂ ಹೇಳಿಬಿಡಿ, ಹಸುಗೂಸಿನ ಕಣ್ಣು ಕೆಂಪಾದ್ರೆ ಅವತ್ತೇ ತೋರಿಸಬೇಕು.

ನೀರು ಸುರಿಯೋದು ನಿಲ್ಲೋವರೆಗೂ ಪುಟ್ಟೀನ ಸ್ಕೂಲಿಗೆ ಕಳಿಸಬೇಡಿ ಅಕ್ಕ. ಹೋಂವರ್ಕು ಏನಿದೆ ಅಂತ ನಮ್ಮ ಹುಡುಗ ಸಂಜೆ ಕೇಳ್ಕೊಂಡು ಬರ್ತಾನೆ.