‘ಬಡ್ಡಿ ಕೊಡುವ ವಂಶ ನಮ್ಮದಲ್ಲ!’

ಶೇರು ಏರಿದಷ್ಟೇ ಬೇಗ ಇಳಿಯುತ್ತದೆ, ಚಿನ್ನ ಕೈಗೆಟುಕುವುದಿಲ್ಲ, ಸೈಟು ಕೊಂಡರೆ ಖಾತೆ ಆಗುವುದಿಲ್ಲ. ಇಂಥ ಹೊತ್ತಲ್ಲಿ ‘ಅಂಚೆಚೀಟಿಗೆ ದುಡ್ಡು ಹಾಕಿ, ಅದರ ಬೆಲೆ ಎಂದೂ ಇಳಿಯದು’ ಎಂದು ಯಾರಾದರೂ ಕಿವಿಯಲ್ಲಿ ಉಸುರಿದರೆ ಆಸೆ ಹುಟ್ಟದೆ ಇರುತ್ತದೆಯೇ? ಓದುಗರ ಉದ್ಧಾರಕ್ಕಾಗಿ ನಮ್ಮ ಪ್ರತಿನಿಧಿ ಈ ಕ್ಷೇತ್ರದ ಹಿರಿಯರೊಬ್ಬರನ್ನು ಮಾತಾಡಿಸಿದ್ದಾರೆ. ಇವರು ಸ್ಪೇನ್ ದೇಶದ 1960ರ ‘ಯುರೋಪಾ’ ಅಂಚೆಚೀಟಿ. ಜನ್ಮದಲ್ಲಿ ಒಂದು ಪತ್ರವನ್ನೂ ಹೊತ್ತವರಲ್ಲ. ಆಯುಸ್ಸಿನ ಬಹುಪಾಲು ತಿಜೋರಿಯಲ್ಲಿ ಕಳೆದವರು.

ಪ್ರತಿನಿಧಿ: ನಮಸ್ಕಾರ ಯುರೋಪಾ ಅವರೇ. ಮೊದಲು ನಿಮ್ಮ ಕುಲಗೋತ್ರ ಹೇಳಿ.

ಯುರೋಪಾ: ಯುರೋಪಿನ ಆರು ದೇಶಗಳು ಸೇರಿ, ಎಲ್ಲರೂ ಒಂದೇ ಚಿತ್ರದ ಚೀಟಿ ಹೊರಡಿಸೋಣ ಎಂದು 1956ರಲ್ಲಿ ಶುರು ಮಾಡಿದವು. ಸ್ಪೇನ್ ಆ ಪಂಕ್ತಿಗೆ ಬಂದು ಕೂತದ್ದು 1960ರಲ್ಲಿ, ನನ್ನ ಮೂಲಕ. ಮೈಮೇಲೆ 19 ಕಡ್ಡಿಗಳ ಚಕ್ರ ಇದೆ ನೋಡಿ. ಆಮೇಲೆ ಯುರೋಪಿನ ಅಂಚೆ ಒಕ್ಕೂಟ ಕಟ್ಟಿದ 19 ದೇಶಗಳ ಗುರುತು ಅದು. ಐಕ್ಯದ ಚಕ್ರ ಎಂದರು. ಮುಂದೆ ಅದನ್ನು ಯಾರು ಯಾರು ಎತ್ತ ಎತ್ತ ತಿರುಗಿಸಿದರು ಅನ್ನುವುದೇ ನನ್ನ ಆತ್ಮಕಥೆ.

ಪ್ರತಿನಿಧಿ: ಹೂಡಿಕೆ ಕ್ಷೇತ್ರಕ್ಕೆ ಹೇಗೆ ಬಂದಿರಿ?

ಯುರೋಪಾ: ಬರಲಿಲ್ಲ, ಎಳೆದು ತಂದರು. 1979ರಲ್ಲಿ ಸ್ಪೇನಿನಲ್ಲಿ ಫೋರಂ ಫಿಲಾಟೆಲಿಕೊ ಎಂಬ ಕಂಪನಿ ಹುಟ್ಟಿತು, ಮರುವರ್ಷ ಅಫಿನ್ಸಾ. ಫೋರಂಗೆ ನಮ್ಮ ಯುರೋಪಾ ಬಳಗ ಅಂದರೆ ಪ್ರಾಣ. ಒಬ್ಬ ನಿವೃತ್ತ ಮೇಷ್ಟ್ರು ಉಳಿತಾಯದ ದುಡ್ಡು ತಂದರೆ, ಅಷ್ಟಕ್ಕೆ ಸರಿಯಾಗಿ ನಮ್ಮಂಥವರ ಒಂದು ಕಟ್ಟನ್ನು ಮಾರುತ್ತಿದ್ದರು. ಇಂತಿಷ್ಟು ವರ್ಷದ ಮೇಲೆ ಇಂತಿಷ್ಟು ಹೆಚ್ಚಿನ ಬೆಲೆಗೆ ನಾವೇ ವಾಪಸ್ ಕೊಳ್ಳುತ್ತೇವೆ ಅಂತ ಕರಾರುಪತ್ರ. ಅಲ್ಲಿಯವರೆಗೆ ಚೀಟಿಗಳು ನಮ್ಮ ತಿಜೋರಿಯಲ್ಲೇ ಭದ್ರವಾಗಿರಲಿ ಅಂತ ಕಾಳಜಿಯ ಮಾತು.

ಪ್ರತಿನಿಧಿ: ಎಷ್ಟು ಒಳ್ಳೆಯ ಜನ! ಇದರಲ್ಲಿ ತಪ್ಪೇನಿದೆ?

ಯುರೋಪಾ: ಮಾರುವವನು ಅವನೇ, ಬೆಲೆ ಕಟ್ಟುವವನು ಅವನೇ, ಇಟ್ಟುಕೊಳ್ಳುವವನು ಅವನೇ, ಮರಳಿ ಕೊಳ್ಳುವವನೂ ಅವನೇ. ಮದುವೆಯಲ್ಲಿ ಗಂಡು, ಹೆಣ್ಣು, ಪುರೋಹಿತ, ಅಡುಗೆ ಭಟ್ಟ ಎಲ್ಲ ಒಬ್ಬನೇ ಆಗಿದ್ದರೆ ಊಟ ಎಷ್ಟೇ ರುಚಿಯಾಗಿದ್ದರೂ ಒಮ್ಮೆ ತಲೆ ಎತ್ತಿ ನೋಡಬೇಕು ಸ್ವಾಮಿ.

ಪ್ರತಿನಿಧಿ: ಆದರೂ ಬ್ಯಾಂಕಿಗಿಂತ ಹೆಚ್ಚಿನ ಬಡ್ಡಿ ಸರಿಯಾದ ಹೊತ್ತಿಗೆ ಬರುತ್ತಿತ್ತಲ್ಲ?

ಯುರೋಪಾ: ಬರುತ್ತಿತ್ತು, ಇಪ್ಪತ್ತೈದು ವರ್ಷ. ಆದರೆ ದುಡಿದವರು ಯಾರು? ಶೇರಿಗೆ ಲಾಭಾಂಶ ಉಂಟು, ಮನೆಗೆ ಬಾಡಿಗೆ ಉಂಟು, ಎಮ್ಮೆಗೆ ಹಾಲುಂಟು. ನಾನು ಹಗಲೂ ರಾತ್ರಿ ಅಂಗಾತ ಮಲಗಿದ್ದೆ. ಬಡ್ಡಿ ಕೊಡುವ ವಂಶ ನಮ್ಮದಲ್ಲ! ಮೊದಲು ಬಂದವರ ಕೈಗೆ ಹೋದದ್ದು ಆಮೇಲೆ ಬಂದವರ ದುಡ್ಡು. ಆಮೇಲೆ ಬಂದವರಿಗೆ ಇನ್ನೂ ಆಮೇಲೆ ಬರುವವರೇ ಗತಿ.

ಪ್ರತಿನಿಧಿ: ಅಷ್ಟು ವರ್ಷ ಯಾರಿಗೂ ಅನುಮಾನ ಬರಲಿಲ್ಲವೇ?

ಯುರೋಪಾ: ಅನುಮಾನಕ್ಕಿಂತ ಎತ್ತರದ ವ್ಯವಸ್ಥೆ ಮಾಡಿದ್ದರು. ಒಂದು ಬಾಸ್ಕೆಟ್‌ಬಾಲ್ ತಂಡಕ್ಕೇ ಫೋರಂ ಫಿಲಾಟೆಲಿಕೊ ಅಂತ ಹೆಸರಿತ್ತು. ಲಿಥುವೇನಿಯಾದ ಅರ್ವಿದಾಸ್ ಸಬೋನಿಸ್ ಕೇಳಿದ್ದೀರಾ? ಏಳಡಿಗೂ ಮಿಕ್ಕಿದ ಆಸಾಮಿ. 1989ರಿಂದ 1992ರವರೆಗೆ ಅದೇ ತಂಡದಲ್ಲಿ ಆಡಿದ. ಅಷ್ಟೆತ್ತರದ ಮನುಷ್ಯ ಎದೆಯ ಮೇಲೆ ಹೆಸರು ಹೊತ್ತು ಚೆಂಡು ಹಾಕುವಾಗ ಕಂಪನಿಯ ಲೆಕ್ಕಪತ್ರ ಯಾರು ಕೇಳುತ್ತಾರೆ?

ಪ್ರತಿನಿಧಿ: ಕೊನೆಗೆ?

ಯುರೋಪಾ: 2006ರ ಮೇ 9ರಂದು ಪೊಲೀಸರು ಎರಡೂ ಕಂಪನಿಗಳ ಬಾಗಿಲು ಬಡಿದರು. ಎರಡನ್ನೂ ಸೇರಿಸಿದರೆ ನಾಲ್ಕೂವರೆ ಲಕ್ಷದಷ್ಟು ಜನರ ದುಡ್ಡು ಸಿಕ್ಕಿಬಿದ್ದಿತ್ತು. ಹೆಚ್ಚಿನವರು ಸಣ್ಣ ಉಳಿತಾಯದವರು, ಪಿಂಚಣಿದಾರರು. ಒಂದು ಸ್ವಾರಸ್ಯ ಹೇಳುತ್ತೇನೆ, ಬರೆದುಕೊಳ್ಳಿ. ಅಫಿನ್ಸಾಗೆ ಚೀಟಿ ಪೂರೈಸುತ್ತಿದ್ದ ವ್ಯಾಪಾರಿಯೊಬ್ಬನ ಮನೆ ಗೋಡೆ ಒಡೆದಾಗ ಸುಮಾರು ಒಂದು ಕೋಟಿ ಯೂರೋ ನಗದು ಸಿಕ್ಕಿತು. ಗೋಡೆಯೊಳಗೆ ಇದ್ದದ್ದು ಗರಿಗರಿ ನೋಟು! ಎಂದೂ ಬೆಲೆ ಇಳಿಯದ ಚೀಟಿ ಕೈತುಂಬ ಇದ್ದರೂ ಆ ಪುಣ್ಯಾತ್ಮ ತನ್ನ ಉಳಿತಾಯವನ್ನು ಚೀಟಿಯಲ್ಲಿ ಇಡಲಿಲ್ಲ ನೋಡಿ.

ಪ್ರತಿನಿಧಿ: ಸರ್ಕಾರ ದುಡ್ಡು ಕೊಡಿಸಿರಬೇಕು?

ಯುರೋಪಾ: ಇವು ಬ್ಯಾಂಕುಗಳಲ್ಲ, ಸರಕು ಮಾರುವ ಅಂಗಡಿಗಳು ಅಂದರು. ಹಾಗಾಗಿ ಬ್ಯಾಂಕು ಠೇವಣಿಗೆ ಇರುವ ಖಾತರಿ ಅನ್ವಯಿಸಲಿಲ್ಲ. ಅಫಿನ್ಸಾದವರಿಗೆ ಶಿಕ್ಷೆಯಾದದ್ದು 2016ರಲ್ಲಿ, ಫೋರಂ ಅಧ್ಯಕ್ಷನಿಗೆ 2018ರಲ್ಲಿ. ಹಣ ಹಾಕಿದವರಿಗೆ ಮರಳಿ ಸಿಕ್ಕಿದ್ದು ಹಾಕಿದ್ದರ ಸಣ್ಣ ಪಾಲು. ಅಷ್ಟರಲ್ಲಿ ಎಷ್ಟೋ ಪಿಂಚಣಿದಾರರು ತೀರಿಕೊಂಡಿದ್ದರು. ನನ್ನನ್ನೂ ಲೆಕ್ಕ ಹಾಕಿದರು. ಕಂಪನಿಯ ಪುಸ್ತಕದಲ್ಲಿ ನಾನು ಮಹಾರಾಣಿ, ಪೇಟೆಯಲ್ಲಿ ಲಕ್ಷಗಟ್ಟಲೆ ಅಚ್ಚಾದ ಒಂದು ಕಾಗದದ ಚೂರು. ಅವಮಾನ ಆಗಲಿಲ್ಲ, ನಿಜ ಗೊತ್ತಾಗಿ ಹಗುರವಾಯಿತು.

ಪ್ರತಿನಿಧಿ: ನಿಮ್ಮ ಸಂತತಿಯಲ್ಲಿ ಇಂಥದ್ದು ಇದೇ ಮೊದಲೇ?

ಯುರೋಪಾ: ಎಲ್ಲಿಯ ಮೊದಲು! ಪೊಂಝಿ ಸ್ಕೀಮು ಅನ್ನುತ್ತೀರಲ್ಲ, ಆ ಚಾರ್ಲ್ಸ್ ಪೊಂಝಿ 1920ರಲ್ಲಿ ಬಾಸ್ಟನ್ನಿನಲ್ಲಿ ಹೆಸರು ಕೆಡಿಸಿದ್ದು ನಮ್ಮ ನೆಂಟನೊಬ್ಬನದು. ವಿದೇಶಕ್ಕೆ ಬರೆದ ಪತ್ರಕ್ಕೆ ಉತ್ತರದ ಅಂಚೆವೆಚ್ಚವನ್ನೂ ಕಳಿಸುವ ಕೂಪನ್ ಅದು. ಇಟಲಿಯಲ್ಲಿ ಅಗ್ಗವಾಗಿ ಕೊಂಡು ಅಮೆರಿಕದಲ್ಲಿ ಚೀಟಿಯಾಗಿ ಬದಲಿಸಿದರೆ ಲಾಭ ಅಂತ ಅವನ ಸಿದ್ಧಾಂತ. 45 ದಿನಕ್ಕೆ ಶೇ 50 ಲಾಭ ಅಂದ. ಜನ ಮುಗಿಬಿದ್ದರು. ಬ್ಯಾರನ್ ಎಂಬ ಆರ್ಥಿಕ ಪತ್ರಕರ್ತ ಕೂತು ಲೆಕ್ಕ ಹಾಕಿದಾಗ, ಪೊಂಝಿ ಹೇಳುವ ವ್ಯವಹಾರಕ್ಕೆ 16 ಕೋಟಿ ಕೂಪನ್ ಬೇಕಿತ್ತು. ಚಲಾವಣೆಯಲ್ಲಿ ಇದ್ದದ್ದು 27 ಸಾವಿರ. ಕೂಪನ್ನನ್ನು ಯಾರೂ ನೋಡಲಿಲ್ಲ, ಶೇ 50 ಅನ್ನುವುದನ್ನು ಎಲ್ಲರೂ ನೋಡಿದರು.

ಪ್ರತಿನಿಧಿ: ಸರಿ, ಮೋಸಗಾರರ ಮಾತು ಬಿಡಿ. ಅಪರೂಪದ ಚೀಟಿಯನ್ನೇ ನೇರವಾಗಿ ಕೊಂಡರೆ?

ಯುರೋಪಾ: ಅಪರೂಪ ಅಂದರೆ ಬ್ರಿಟಿಷ್ ಗಯಾನಾದ ಒಂದು ಸೆಂಟಿನ ಮಜೆಂಟಾ. 1856ರದು, ಜಗತ್ತಿನಲ್ಲಿ ಇರುವುದು ಒಂದೇ ಒಂದು. 1873ರಲ್ಲಿ ಹನ್ನೆರಡರ ಶಾಲಾ ಹುಡುಗನಿಗೆ ಸಿಕ್ಕಿ, ಅವನು ಆರು ಶಿಲಿಂಗಿಗೆ ಮಾರಿದ. 2014ರಲ್ಲಿ ಬೂಟು ವಿನ್ಯಾಸಕ ಸ್ಟುವರ್ಟ್ ವೈಟ್ಸ್‌ಮನ್ ಸುಮಾರು 95 ಲಕ್ಷ ಡಾಲರ್ ಕೊಟ್ಟು ಕೊಂಡು, ಹಿಂಬದಿಯಲ್ಲಿ ಹೈಹೀಲ್ಡ್ ಚಪ್ಪಲಿಯ ಚಿತ್ರ ಗೀಚಿದ. 2021ರಲ್ಲಿ ಅದೇ ಚೀಟಿ ಹರಾಜಾದದ್ದು 83 ಲಕ್ಷಕ್ಕೆ. ಭೂಮಿಯ ಮೇಲೆ ಎರಡನೆಯದು ಇಲ್ಲದ ನಮ್ಮ ಚಕ್ರವರ್ತಿನಿಯೇ ಏಳು ವರ್ಷದಲ್ಲಿ ಹತ್ತು ಲಕ್ಷ ಡಾಲರಿಗೂ ಮಿಕ್ಕಿ ಇಳಿದಳು. ಆಕೆಗಿಲ್ಲದ ಭಾಗ್ಯ ನಿಮ್ಮ ಬೀರುವಿನ ಆಲ್ಬಮ್ಮಿಗೆ ಇದೆಯೇ?

ಪ್ರತಿನಿಧಿ: ಅದನ್ನು ಬಿಡಿ, 2017ರಲ್ಲಿ ನಮ್ಮ ಗಾಂಧೀಜಿಯ ಹತ್ತು ರೂಪಾಯಿಯ ನಾಲ್ಕು ಚೀಟಿಗೆ ಐದು ಲಕ್ಷ ಪೌಂಡು ಬಂತಂತೆ! ನಮ್ಮ ತಾತನ ಆಲ್ಬಮ್ಮಿನಲ್ಲೂ ಗಾಂಧೀಜಿ ಇದ್ದಾರೆ.

ಯುರೋಪಾ: 1948ರ ಆ ಚೀಟಿಯ ಮೇಲೆ ‘ಸರ್ವಿಸ್’ ಎಂಬ ಮುದ್ರೆ ಇರಬೇಕು. ಗವರ್ನರ್ ಜನರಲ್ ಕಚೇರಿಗೆಂದು ನೂರೇ ನೂರು ಅಚ್ಚಾದವು. ತಾತನಿಗೆ ಸಿಕ್ಕಿರುವುದು ಅಂಚೆ ಕಚೇರಿಯ ಕಿಟಕಿಯಲ್ಲಿ ಎಲ್ಲರಿಗೂ ಸಿಕ್ಕಿದ್ದು. ಯಾರಾದರೂ ಮುದ್ರೆ ಇರುವುದನ್ನೇ ತೋರಿಸಿದರೆ ಇನ್ನೂ ಎಚ್ಚರ. ಸಾದಾ ಚೀಟಿಯ ಮೇಲೆ ಆ ಮುದ್ರೆ ಒತ್ತಿ ಮಾರುವ ಕಲಾವಿದರು ಹಿಂದಿನಿಂದಲೂ ಇದ್ದಾರೆ.

ಪ್ರತಿನಿಧಿ: ಕ್ಯಾಟಲಾಗಿನಲ್ಲಿ ಬೆಲೆ ಅಚ್ಚಾಗಿರುತ್ತದಲ್ಲ, ಅದಕ್ಕೆ ಮಾರಿದರಾಯಿತು.

ಯುರೋಪಾ: ಅದು ಅಂಗಡಿಯವನು ನಿಮಗೆ ಮಾರುವಾಗ ಎದುರಿಗಿಡುವ ಪುಸ್ತಕ. ನೀವು ಮಾರಲು ಹೋದ ದಿನ ಪುಸ್ತಕ ಮುಚ್ಚಿ ಲೆನ್ಸು ಕೈಗೆತ್ತಿಕೊಳ್ಳುತ್ತಾನೆ. ಅಂಚಿನ ಹಲ್ಲು ಒಂದು ಮೊಂಡಾಗಿದೆ, ಚಿತ್ರ ನಡುವಿಗಿಲ್ಲ, ಹಿಂದೆ ಆಲ್ಬಮ್ಮಿಗೆ ಅಂಟಿಸಿದ ಕಾಗದದ ಗುರುತಿದೆ, ಅಂಟು ಹೊಸದಾಗಿ ಬಳಿದ ಹಾಗಿದೆ ಅಂತ ಶುರು. ನಮ್ಮ ಲೋಕದ ವಿಚಿತ್ರ ಕೇಳಿ, ನಕ್ಕುಬಿಡಿ. ಮುಖಕ್ಕಿಂತ ಬೆನ್ನಿನ ಅಂಟಿಗೆ ಹೆಚ್ಚು ಬೆಲೆ. ಯಾರೂ ನೆಕ್ಕದ, ಯಾರೂ ಮುಟ್ಟದ ಅಂಟು ಬೇಕು. ನಿಮ್ಮ ಕರಾವಳಿಯ ಒಂದು ಮಳೆಗಾಲ ಸಾಕು, ಅದು ತಾನಾಗಿಯೇ ಪಕ್ಕದ ಹಾಳೆಗೆ ಅಂಟಿಕೊಂಡು ಹೂಡಿಕೆ ಮುಗಿಸಿಬಿಡುತ್ತದೆ. ಇನ್ನು ಕಂದು ಚುಕ್ಕೆ ಹಿಡಿದರೆ ಕೊಳ್ಳುವವನೂ ಇಲ್ಲ. ಹರಾಜಿಗೆ ಕೊಟ್ಟರೆ ನಿಮ್ಮಿಂದಲೂ ಕಮಿಷನ್, ಕೊಂಡವನಿಂದಲೂ ಕಮಿಷನ್. ಅಸಲಿ ಅನ್ನುವ ಸರ್ಟಿಫಿಕೇಟಿಗೆ ಬೇರೆ ಶುಲ್ಕ. ಆಸ್ಪತ್ರೆ ಬಿಲ್ಲು ಕಟ್ಟಲು ನಾಳೆ ಬೆಳಿಗ್ಗೆ ದುಡ್ಡು ಬೇಕು ಅಂದರೆ, ಮುಂದಿನ ಹರಾಜಿನವರೆಗೆ ಕಾಯಿಲೆಯನ್ನು ತಡೆಹಿಡಿಯಬೇಕು.

ಪ್ರತಿನಿಧಿ: ನಮ್ಮ ಬೆಂಗಳೂರಿನಲ್ಲಿ 2017ರಲ್ಲಿ ಕಾಫಿ ಪರಿಮಳದ ಚೀಟಿ ಬಿಡುಗಡೆಯಾಯಿತು, ನೂರು ರೂಪಾಯಿಯದು. ಶೀಟುಗಟ್ಟಲೆ ಕೊಂಡಿಟ್ಟರೆ?

ಯುರೋಪಾ: ನಿಮ್ಮ ಹಾಗೆಯೇ ಎಲ್ಲರೂ ಕೊಂಡಿಟ್ಟಿರುತ್ತಾರೆ, ಅದೇ ತೊಂದರೆ. ಹಳೆಯ ಚೀಟಿ ಅಪರೂಪವಾದದ್ದು ಜನ ಅದನ್ನು ಲಕೋಟೆಗೆ ಅಂಟಿಸಿ ಹರಿದು ಬಿಸಾಡಿದ್ದರಿಂದ. ಮುಂದೆ ಬೆಲೆ ಬರುತ್ತದೆ ಅಂತ ಎಲ್ಲರೂ ಜೋಪಾನ ಮಾಡಿದ್ದಕ್ಕೆ ಬೆಲೆ ಬರುವುದು ಹೇಗೆ? ಅಮೆರಿಕದಲ್ಲಿ ಅಜ್ಜಂದಿರು ಮೊಮ್ಮಕ್ಕಳಿಗೆಂದು ಇಟ್ಟ ಶೀಟುಗಳನ್ನು ಇಂದು ಮುಖಬೆಲೆಗಿಂತ ಕಡಿಮೆಗೆ ಕೊಂಡು ಜನ ಪಾರ್ಸೆಲ್ಲಿಗೆ ಅಂಟಿಸುತ್ತಾರೆ. ಆ ಕಾಫಿ ಚೀಟಿ ಇಷ್ಟವಾದರೆ ಒಂದು ಕೊಳ್ಳಿ, ಮೂಸಿ, ಖುಷಿಪಡಿ.

ಪ್ರತಿನಿಧಿ: ಏನೇ ಹೇಳಿ, ನಮ್ಮ ಜನ ಬುದ್ಧಿವಂತರು. ಸ್ಪೇನಿನವರ ಹಾಗೆ ಮೋಸ ಹೋಗುವುದಿಲ್ಲ.

ಯುರೋಪಾ: ಹೌದು ಹೌದು. ತೊಂಬತ್ತರ ದಶಕದಲ್ಲಿ ತೇಗದ ಸಸಿಗೆ ದುಡ್ಡು ಕಟ್ಟಿ, ಗಿಡ ಯಾವ ಜಿಲ್ಲೆಯಲ್ಲಿದೆ ಅಂತ ಹುಡುಕಿದವರು ಯಾವ ದೇಶದವರು? ಆಮೇಲೆ 1999ರಲ್ಲಿ ಸೆಬಿ ಅಂಥ ಯೋಜನೆಗಳಿಗೆ ನಿಯಮ ಮಾಡಬೇಕಾಯಿತು. ಪಕ್ಕದ ತಮಿಳುನಾಡಿನಲ್ಲಿ 2012ರಲ್ಲಿ ಮುಳುಗಿದ್ದು ಎಮು ಹಕ್ಕಿ ಸಾಕುವ ಯೋಜನೆ. ಅಲ್ಲೂ ‘ನಾವೇ ವಾಪಸ್ ಕೊಳ್ಳುತ್ತೇವೆ’ ಎಂಬ ಇದೇ ಮಂತ್ರ. ತೇಗ, ಎಮು, ಯುರೋಪಾ, ನಾವು ಮೂವರೂ ನಿರಪರಾಧಿಗಳು. ಒಂದು ವಿಶೇಷವನ್ನು ಮಾತ್ರ ಒಪ್ಪಿಕೊಳ್ಳಬೇಕು. ನನಗೆ ಕಾಳು ಹಾಕುವ ಖರ್ಚಿರಲಿಲ್ಲ.

ಪ್ರತಿನಿಧಿ: ಹಾಗಾದರೆ ಚೀಟಿ ಸಂಗ್ರಹವನ್ನೇ ಬಿಡಬೇಕೇ?

ಯುರೋಪಾ: ಯಾಕೆ ಬಿಡಬೇಕು? ಸಿನಿಮಾ ಟಿಕೆಟ್ಟಿಗೆ ಬಡ್ಡಿ ಕೇಳುತ್ತೀರಾ? ಸಂಗ್ರಹಕಾರ ನನ್ನನ್ನು ಚಿಮುಟದಲ್ಲಿ ಎತ್ತಿ, ಲೆನ್ಸು ಹಿಡಿದು, ಈ ಚಕ್ರಕ್ಕೆ 19 ಕಡ್ಡಿ ಯಾಕೆ ಅಂತ ಕೇಳುತ್ತಾನೆ. ಉತ್ತರ ಹುಡುಕುತ್ತಾ ಅರ್ಧ ಯುರೋಪಿನ ಚರಿತ್ರೆ ಓದುತ್ತಾನೆ. ಅವನು ಕೊಟ್ಟ ದುಡ್ಡು ಅಂದೇ ವಸೂಲಾಯಿತು. ಹೂಡಿಕೆದಾರ ಇಪ್ಪತ್ತು ವರ್ಷ ನನ್ನ ಮಾಲೀಕನಾಗಿದ್ದ, ನನ್ನ ಮೇಲೆ ಏನಿದೆ ಅಂತ ಒಮ್ಮೆಯೂ ನೋಡಲಿಲ್ಲ. ಅವನಿಗೆ ನಷ್ಟವಾದದ್ದು 2006ರಲ್ಲಿ ಅಲ್ಲ ಸ್ವಾಮಿ, ಕೊಂಡ ದಿನವೇ.

ಪ್ರತಿನಿಧಿ: ಕೊನೆಯದಾಗಿ, ಈ ಸಂದರ್ಶನಕ್ಕೆ ನಮ್ಮ ಪತ್ರಿಕೆಯಿಂದ ಸಣ್ಣ ಗೌರವಧನ. ಬೆಲೆಬಾಳುವ ಅಂಚೆಚೀಟಿಗಳ ಒಂದು ಕಟ್ಟು...

ಯುರೋಪಾ: ನಗದು ಇದ್ದರೆ ಕೊಡಿ.